ಪದವಿಯಾಯಿತು, ನೌಕರಿಯೆಲ್ಲಿ?

ಮಳೆಗಾಲ ಹಿಡಿಯಿತೆಂದರೆ ಪರೇಲಿನ ನಮ್ಮ ಕನ್ನಡ ಮನೆಗಳಲ್ಲಿ ಒಂದು ಚಿಂತೆಯೂ ಹಿಡಿಯುತ್ತದೆ. ಪರೀಕ್ಷೆಯ ಫಲಿತಾಂಶ ಬಂದಿದೆ, ಮಗ ಬಿ.ಎಸ್ಸಿ. ಐ.ಟಿ. ಪಾಸಾಗಿದ್ದಾನೆ, ಇಲ್ಲವೆ ಮಗಳು ಕಂಪ್ಯೂಟರ್ ಎಂಜಿನಿಯರಿಂಗ್ ಮುಗಿಸಿದ್ದಾಳೆ. ಪೇಢೆ ಹಂಚಿದ್ದಾಯಿತು. ಮುಂದೆ? ಈಚೆಗೆ ಸಂಘಕ್ಕೆ ಬಂದು ನಮ್ಮೊಡನೆ ಮಾತಾಡಿದ ತಂದೆತಾಯಿಗಳಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ: “ಸಾಫ್ಟ್‌ವೇರ್ ಕಂಪೆನಿಯಲ್ಲಿ ನಿಮಗೆ ಯಾರಾದರೂ ಪರಿಚಯದವರಿದ್ದಾರೆಯೆ? ಒಂದು ಮಾತು ಹೇಳಿಬಿಡಿ, ದೊಡ್ಡ ಉಪಕಾರವಾದೀತು.”

ಈ ಮಾತನ್ನು ನಾವು ಹಳಿಯಲಾರೆವು. ಮುಂಬಯಿಯಲ್ಲಿ ನಮ್ಮವರು ಬೇರೂರಿದ್ದೇ ಹೀಗೆ. ಊರಿನಿಂದ ಬಂದಿಳಿದ ಹುಡುಗನನ್ನು ಸೋದರಮಾವನೋ ದೊಡ್ಡಪ್ಪನ ಮಗನೋ ಕೈಹಿಡಿದು ಕರೆದೊಯ್ದು ಹೋಟೇಲಿನ ಧಣಿಗಳ ಮುಂದೆ ನಿಲ್ಲಿಸುತ್ತಿದ್ದ. ಹಗಲು ಕಪ್ಪುಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಟೈಪಿಂಗ್ ಕಲಿತು, ಮತ್ತೆ ಇನ್ನೊಬ್ಬ ಊರಿನವರ ಮಾತಿನ ಮೇಲೆ ಫೋರ್ಟಿನ ಆಫೀಸು ಸೇರಿದವರ ಮಕ್ಕಳು ಮೊಮ್ಮಕ್ಕಳೇ ಇಂದು ಈ ಪುಟ ಓದುವವರಲ್ಲಿ ಅನೇಕರು. ಗಿರಣಿಯಲ್ಲಿಯೂ ಅಷ್ಟೆ, ಒಂದು ದಿನದ ಬದಲಿ ಕೆಲಸ ಸಿಗಬೇಕಾದರೂ ಒಂದು ಕಾಲದಲ್ಲಿ ಜಾಬರನ ಕೃಪೆ ಬೇಕಿತ್ತು.

ಆ ಗಿರಣಿಗಳ ಕಥೆ ಪರೇಲಿನವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೂಡಿದ ಮುಷ್ಕರದ ತರುವಾಯ ಗಿರಣಿಯ ಭೋಂಗಾ ಒಂದೊಂದಾಗಿ ನಿಂತುಹೋಯಿತು. ಲೋವರ್ ಪರೇಲಿನ ಕಮಲಾ ಮಿಲ್ಸ್, ಫೀನಿಕ್ಸ್ ಮಿಲ್ಸ್ ಇಂದು ಹೆಸರಿಗೆ ಮಾತ್ರ ಗಿರಣಿಗಳು. ಜ್ಯೂಪಿಟರ್ ಮಿಲ್ಲಿನ ಜಾಗದಲ್ಲಿ ಗಾಜಿನ ಗೋಪುರಗಳೆದ್ದಿವೆ. ಬೆಳಿಗ್ಗೆ ಕೊರಳಿಗೆ ಗುರುತಿನ ಪಟ್ಟಿ ತೂಗಿಸಿಕೊಂಡು ಅಲ್ಲಿಗೆ ಧಾವಿಸುವ ತರುಣರನ್ನು ಕಂಡು, ‘ನಮ್ಮ ಹುಡುಗನಿಗೂ ಇಲ್ಲಿಯೇ ಆಗಬಾರದೆ, ನಡೆದು ಹೋಗಬಹುದಲ್ಲ’ ಎಂದು ತಾಯಂದಿರು ಆಸೆಪಡುವುದು ಸಹಜ. ಅಲ್ಲಿರುವವರಲ್ಲಿ ಬ್ಯಾಂಕು, ಜಾಹೀರಾತು, ಹಣಕಾಸಿನವರೇ ಬಹಳ. ಸಾಫ್ಟ್‌ವೇರಿನ ದೊಡ್ಡ ಕಚೇರಿಗಳನ್ನು ಹುಡುಕುವವರು ಪವಾಯಿ, ಅಂಧೇರಿಯ ಸೀಪ್ಜ್, ಠಾಣೆ, ಐರೋಲಿಗಳ ದಾರಿ ಹಿಡಿಯಬೇಕು.

ಈ ವಿದ್ಯೆ ಮುಂಬಯಿಗೆ ಹೊರಗಿನದಲ್ಲ. ನಮ್ಮ ವಿಜ್ಞಾನಿಗಳೇ ಕಟ್ಟಿದ ಟಿಫ್ರಾಕ್ ಎಂಬ ಗಣಕ 1960ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕೆ ನಿಂತಿತು. ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಹುಟ್ಟಿದ್ದು 1968ರಲ್ಲಿ, ಇದೇ ನಗರದಲ್ಲಿ. ಆದರೂ ನೌಕರಿಯ ದೊಡ್ಡ ಪೇಟೆ ಈಗ ಬೆಂಗಳೂರಿನಲ್ಲಿದೆ. ಅಜ್ಜ ಕರ್ನಾಟಕದಿಂದ ಮುಂಬಯಿಗೆ ಬಂದ. ಮೊಮ್ಮಗಳು ಅದೇ ಹೊಟ್ಟೆಪಾಡಿಗೆ ಕರ್ನಾಟಕಕ್ಕೆ ಹಿಂದಿರುಗುತ್ತಿದ್ದಾಳೆ! (ಅಲ್ಲಿ ಮನೆ ಹುಡುಕುವಾಗ, ಮನೆಯಲ್ಲಿ ಕಲಿತ ಅರೆಬರೆ ಕನ್ನಡವೂ ಉಪಯೋಗಕ್ಕೆ ಬಂತೆಂದು ಹೋದವರು ಹೇಳುತ್ತಾರೆ.)

ಇನ್ನು ‘ಪರಿಚಯ’ದ ಮಾತು. ಸಾಫ್ಟ್‌ವೇರ್ ಕಂಪೆನಿಗಳಲ್ಲಿಯೂ ಶಿಫಾರಸು ಉಂಟು. ‘ರೆಫರಲ್’ ಎಂದು ಅದರ ಹೆಸರು. ಒಳಗಿರುವ ನೌಕರನು ತನಗೆ ಗೊತ್ತಿದ್ದವರ ಅರ್ಜಿಯನ್ನು ಕಂಪೆನಿಗೆ ಒಪ್ಪಿಸುತ್ತಾನೆ. ಆ ಅಭ್ಯರ್ಥಿ ನೌಕರಿಗೆ ಸೇರಿದರೆ ಅನೇಕ ಕಂಪೆನಿಗಳು ಅವನಿಗೆ ಇನಾಮನ್ನೂ ಕೊಡುತ್ತವೆ. ಆದುದರಿಂದ ಕೇಳುವುದಕ್ಕೆ ಸಂಕೋಚವೇನೂ ಬೇಡ. ಆದರೆ ಹಳೆಯ ಚೀಟಿಗೂ ಇದಕ್ಕೂ ಅಜಗಜಾಂತರ. ಅಂದು ಚೀಟಿ ಒಯ್ದವನು ಮರುದಿನವೇ ಗಲ್ಲೆಯ ಹತ್ತಿರ ನಿಲ್ಲುತ್ತಿದ್ದ. ಇಂದಿನ ಚೀಟಿ ಮಾಡುವುದಿಷ್ಟೆ: ಸಾವಿರಾರು ಅರ್ಜಿಗಳನ್ನು ಯಂತ್ರವೇ ಸೋಸಿ ಬದಿಗೆ ತಳ್ಳುವಾಗ, ಒಂದನ್ನು ಮನುಷ್ಯನ ಕಣ್ಣಿಗೆ ಬೀಳಿಸುತ್ತದೆ. ಅಲ್ಲಿಂದ ಮುಂದೆ ಗಣಿತ ಹಾಗೂ ತರ್ಕದ ಪರೀಕ್ಷೆ, ಕುಳಿತಲ್ಲಿಯೇ ಪ್ರೋಗ್ರಾಮು ಬರೆಯುವ ಪರೀಕ್ಷೆ, ಎರಡು ಮೂರು ಸಂದರ್ಶನ. ಅಲ್ಲಿ ಮಾವನ ಮಾತು ನಡೆಯದು.

ಹೀಗಿರುವಾಗ ಪರಿಚಯದವರಲ್ಲಿ ಬೇಡಬೇಕಾದುದು ಬೇರೆ ಇದೆ. “ಅಣ್ಣಾ, ಕೆಲಸ ಕೊಡಿಸು” ಎನ್ನುವ ಬದಲು, “ಅಣ್ಣಾ, ಭಾನುವಾರ ಒಂದು ಗಂಟೆ ಕುಳಿತು ಸಂದರ್ಶನದವರು ಕೇಳುವಂತೆ ನನ್ನನ್ನು ಪ್ರಶ್ನೆ ಕೇಳು, ತಪ್ಪಿದಲ್ಲಿ ತಿದ್ದು” ಎನ್ನಬೇಕು. ನಮ್ಮ ಬಳಗದ ಒಬ್ಬ ಹುಡುಗಿ ಹೀಗೆ ಮಾಡಿದಳು. ಅವಳ ತಂದೆಯದು ಊಟದ ಡಬ್ಬಿಯ ವ್ಯಾಪಾರ. ಗಿರಾಕಿಗಳ ತಿಂಗಳ ಲೆಕ್ಕ ಇಡುವ ಒಂದು ಸಣ್ಣ ಪ್ರೋಗ್ರಾಮನ್ನು ತಾನೇ ಬರೆದು, ಎಲ್ಲರೂ ನೋಡುವಂತೆ ಗಿಟ್‌ಹಬ್ಬಿನಲ್ಲಿ ಇಟ್ಟಳು. ಪಕ್ಕದ ಕಟ್ಟಡದ ಒಬ್ಬ ಅಣ್ಣ ಅದನ್ನು ನೋಡಿ ಹತ್ತು ತಪ್ಪು ಹಿಡಿದ, ತಿದ್ದಿದಳು. ಸಂದರ್ಶನದಲ್ಲಿ ಅರ್ಧ ಗಂಟೆ ಅದರ ಮೇಲೆಯೇ ಮಾತು. ಗಿರಾಕಿ ತಿಂಗಳ ನಡುವೆ ಊರಿಗೆ ಹೋದರೆ ಹಣ ಹೇಗೆ ಕಡಿತ ಮಾಡುತ್ತೀ? ಒಂದೇ ಹೆಸರಿನ ಇಬ್ಬರಿದ್ದರೆ? ಪುಸ್ತಕದ ಉತ್ತರ ಬಾಯಿಪಾಠ ಮಾಡಿದವರು ತಡವರಿಸುವಲ್ಲಿ ಅವಳು ಮನೆಯ ಮಾತು ಹೇಳಿದಂತೆ ಹೇಳಿದಳು. ಐದು ಕಡೆ ಇಲ್ಲವೆನಿಸಿಕೊಂಡ ಮೇಲೆ ಆರನೆಯದು ಒಲಿಯಿತು.

ಕಾಲವಂತೂ ಬಿಗಿಯಾಗಿದೆ, ಮುಚ್ಚುಮರೆ ಬೇಡ. ದೊಡ್ಡ ಸೇವಾ ಕಂಪೆನಿಗಳು ಹೊಸಬರಿಗೆ ಕೊಡುವ ಸಾಮಾನ್ಯ ಸಂಬಳ ಹತ್ತು ವರ್ಷಕ್ಕೂ ಮೇಲ್ಪಟ್ಟು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಇದೆ. ಮನೆಬಾಡಿಗೆ ಮಾತ್ರ ಹಾಗೆ ನಿಂತಿಲ್ಲ. 2022ರಲ್ಲಿ ಪದವಿ ಮುಗಿಸಿ, ನೇಮಕದ ಪತ್ರವನ್ನೂ ಕೈಯಲ್ಲಿ ಹಿಡಿದು, ಸುಮಾರು 2,000 ಮಂದಿ ಒಂದು ಹೆಸರಾಂತ ಕಂಪೆನಿಯ ಕರೆಗಾಗಿ ಎರಡು ವರ್ಷ ಕಾದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತು. 2025ರ ಜುಲೈಯಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ನೂರಕ್ಕೆ ಎರಡರಷ್ಟು, ಎಂದರೆ 12,000ಕ್ಕೂ ಹೆಚ್ಚು ನೌಕರರನ್ನು ಕಡಿಮೆ ಮಾಡುವುದಾಗಿ ಹೇಳಿತು. ಚಾಟ್‌ಜಿಪಿಟಿಯಂಥವು ಬಂದ ಮೇಲೆ, ಹೊಸಬರ ಕೈಪಳಗಲೆಂದು ಕೊಡುತ್ತಿದ್ದ ಚಿಲ್ಲರೆ ಕೆಲಸಗಳಲ್ಲಿ ಕೆಲವನ್ನು ಯಂತ್ರವೇ ಮಾಡುತ್ತಿದೆ. ಆದ್ದರಿಂದ ಹುಡುಗನಿಗೆ ಎಂಟು ತಿಂಗಳಲ್ಲಿ ಸಿಗಲಿಲ್ಲವೆಂದರೆ ಅವನು ದಡ್ಡನೆಂದಾಗಲಿ ಸೋಮಾರಿಯೆಂದಾಗಲಿ ತೀರ್ಪು ಕೊಡುವುದು ನ್ಯಾಯವಲ್ಲ.

ಈ ಕಾಯುವ ಕಾಲದಲ್ಲಿಯೇ ಮೋಸಗಾರರು ಮನೆಯ ಬಾಗಿಲು ತಟ್ಟುವುದು. ನಮಗೆ ತಿಳಿದ ಒಂದು ಕುಟುಂಬ, ‘ತರಬೇತಿ ಕೊಟ್ಟು ನೌಕರಿ ಖಾತ್ರಿ’ ಎಂದ ಒಂದು ಸಂಸ್ಥೆಗೆ, ತಾಯಿಯ ಬಳೆ ಅಡವಿಟ್ಟು ಹಣ ಕಟ್ಟಿತು. ಎರಡನೆಯ ತಿಂಗಳಲ್ಲಿ ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಕೆಲಸ ಕೊಡುವವನು ಸಂಬಳ ಕೊಡುತ್ತಾನೆ, ಠೇವಣಿ ಕೇಳುವುದಿಲ್ಲ. ಕೇಳಿದನೆಂದರೆ ಅಲ್ಲಿಂದ ಎದ್ದು ಬನ್ನಿ. ಮೂಲ ಅಂಕಪಟ್ಟಿಗಳನ್ನು ಯಾರ ವಶಕ್ಕೂ ಕೊಡಬೇಡಿ. ‘ಎರಡು ವರ್ಷದ ಅನುಭವವಿದೆಯೆಂದು ಪತ್ರ ಮಾಡಿಸಿಕೊಡುತ್ತೇವೆ’ ಎನ್ನುವವರೂ ಇದ್ದಾರೆ. ಕಂಪೆನಿಗಳು ಹಿಂದಿನ ನೌಕರಿಯನ್ನು ವಿಚಾರಿಸಿಯೇ ವಿಚಾರಿಸುತ್ತವೆ. ಸುಳ್ಳು ಬಯಲಾದರೆ ಸಿಕ್ಕ ಕೆಲಸವೂ ಹೋದೀತು.

ಹಣ ಚೆಲ್ಲುವುದಕ್ಕಿಂತ ನೆಟ್ಟಗಿನ ದಾರಿಗಳಿವೆ. 1961ರ ಅಪ್ರೆಂಟಿಸ್ ಕಾಯಿದೆಯಂತೆ ಪದವೀಧರರು ಒಂದು ಕಂಪೆನಿಯಲ್ಲಿ ಶಿಕ್ಷಾರ್ಥಿಗಳಾಗಿ ಸೇರಬಹುದು. 2019ರ ನಿಯಮದಲ್ಲಿ ಅವರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ವೇತನ ಗೊತ್ತುಮಾಡಲಾಯಿತು. ಇದನ್ನು ನೋಡಿಕೊಳ್ಳುವ ಪಶ್ಚಿಮ ವಲಯದ ಮಂಡಳಿಯ ಕಚೇರಿ ಸಯನಿನಲ್ಲಿದೆ, ಪರೇಲಿನವರಿಗೆ ದೂರವೇನಲ್ಲ. ಹಣ ಸಣ್ಣದು, ಆದರೆ ಅನುಭವದ ಪತ್ರ ನಿಜವಾದದ್ದು. ಎರಡನೆಯದು, ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ಪ್ರವೇಶ ಪರೀಕ್ಷೆ ನಡೆಸಿ ಕೊಡುವ ಸುಮಾರು ಆರು ತಿಂಗಳ ಡಿಪ್ಲೊಮಾ. ಶುಲ್ಕವುಂಟು, ಶ್ರಮವೂ ಉಂಟು.

ಮನೆಯವರಿಗೆ ಒಂದೆರಡು ಮಾತು. ಮದುವೆಮನೆಯಲ್ಲಿ, ಸತ್ಯನಾರಾಯಣ ಪೂಜೆಯ ಪಂಕ್ತಿಯಲ್ಲಿ, “ಏನು ಮಗಾ, ಇನ್ನೂ ಎಲ್ಲಿಯೂ ಆಗಲಿಲ್ಲವೊ?” ಎಂದು ಎಲ್ಲರ ಮುಂದೆ ಕೇಳುವ ಹಿರಿಯರು ಸ್ವಲ್ಪ ಬಾಯಿ ಬಿಗಿಹಿಡಿಯಲಿ. ಹುಡುಗಿಯರ ಪಾಡು ಇನ್ನೂ ಕಷ್ಟ. ಹುಡುಗನಿಗೆ ಎರಡು ವರ್ಷ ಕಾಯುವ ಮನೆಯಲ್ಲಿ ಹುಡುಗಿಗೆ ಆರನೆಯ ತಿಂಗಳಿಗೇ ಜಾತಕ ಹೊರಗೆ ಬರುತ್ತದೆ. ಅವಳೂ ಅದೇ ಶುಲ್ಕ ಕಟ್ಟಿ ಅದೇ ಪರೀಕ್ಷೆ ಪಾಸಾದವಳಲ್ಲವೆ?

ಇನ್ನೊಂದು ತೊಂದರೆ ನಮ್ಮ ಪರೇಲಿನದೇ. ಮೊದಲ ಸಂದರ್ಶನ ಈಗ ಬಹುಮಟ್ಟಿಗೆ ಮನೆಯಿಂದಲೇ, ಕಂಪ್ಯೂಟರಿನ ಪರದೆಯ ಮುಂದೆ. ಒಂದು ಖೋಲಿಯ ಮನೆಯಲ್ಲಿ ಕುಕ್ಕರಿನ ಸೀಟಿ, ಅಜ್ಜಿಯ ಧಾರಾವಾಹಿ, ಕೆಳಗೆ ಢೋಲಿನ ಸದ್ದು. ಇವುಗಳ ನಡುವೆ ಹುಡುಗ ಉತ್ತರ ಹೇಳುವುದು ಹೇಗೆ? ವಾರದ ದಿನಗಳಲ್ಲಿ ಸಂಜೆ ಐದರ ತನಕ ಸಂಘದ ವಾಚನಾಲಯದ ಹಿಂದಿನ ಕೋಣೆ ಖಾಲಿಯೇ ಇರುತ್ತದೆ. ಬಾಗಿಲು ಹಾಕಿಕೊಂಡರೆ ಸದ್ದಿಲ್ಲ, ಇಂಟರ್‌ನೆಟ್ಟೂ ಇದೆ. ಸಂದರ್ಶನವಿದ್ದವರು ಹಿಂದಿನ ದಿನ ಕಾರ್ಯದರ್ಶಿಗಳಿಗೆ ತಿಳಿಸಿ ಬೀಗದ ಕೈ ಒಯ್ಯಬಹುದು. ಸಾಫ್ಟ್‌ವೇರ್ ಕೆಲಸದಲ್ಲಿರುವ ಸದಸ್ಯರು, ತಿಂಗಳಿಗೆ ಒಂದು ಭಾನುವಾರ ಒಂದು ಗಂಟೆ ಈ ಮಕ್ಕಳೊಡನೆ ಕೂಡಬಲ್ಲಿರಾದರೆ, ಯಾವ ಭಾನುವಾರವೆಂದು ನಮಗೆ ಬರೆದು ತಿಳಿಸಿರಿ.