ಇದ್ದೂ ಸಿಗದ ಬರಹ

ಬೋರನಕಣಿವೆಯ ಏರಿಯ ಮೇಲೆ ನಿಂತು ಸುತ್ತ ಕಣ್ಣು ಹಾಯಿಸಿದವರಿಗೆ ಒಂದು ಸಂಗತಿ ತಾನಾಗಿಯೇ ವೇದ್ಯವಾಗುತ್ತದೆ. ಗುಡ್ಡಗಳ ನಡುವೆ ಸುವರ್ಣಮುಖಿಗೆ ಅಡ್ಡಲಾಗಿ ಕಟ್ಟೆ ಹಾಕಿ ನೀರನ್ನು ನಿಲ್ಲಿಸಿದುದು ಕೆಲಸದ ಅರ್ಧಭಾಗ ಮಾತ್ರ. ಮೈಸೂರು ಅರಸರ ಆಳ್ವಿಕೆಯಲ್ಲಿ, 19ನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಜಲಾಶಯವನ್ನು ನಿರ್ಮಿಸಿದವರು ಕಟ್ಟೆಯೊಡನೆ ತೂಬನ್ನೂ ಇಟ್ಟರು, ಕಾಲುವೆಯನ್ನೂ ತೋಡಿಸಿದರು. ತೂಬಿಲ್ಲದ ಕೆರೆ ಎಷ್ಟು ತುಂಬಿದರೂ ಅಚ್ಚುಕಟ್ಟಿನ ರೈತನ ಪಾಲಿಗೆ ಅದು ಇದ್ದೂ ಇಲ್ಲದ ನೀರು.

ಈಗ ನಮ್ಮ ಸೀಮೆಯ ಮಠಗಳು, ವಿದ್ಯಾಸಂಸ್ಥೆಗಳು, ಸಹಕಾರ ಸಂಘಗಳು ಒಂದೊಂದಾಗಿ ಜಾಲತಾಣಗಳನ್ನು ತೆರೆಯುತ್ತಿವೆ. ಸಂತೋಷದ ವಿಷಯವೇ ಸರಿ. ಆದರೆ ಅವುಗಳಲ್ಲಿ ಅನೇಕವು ತೂಬಿಲ್ಲದ ಕೆರೆಗಳೆಂಬುದು ನನ್ನ ಅಭಿಪ್ರಾಯ. ದೂರುವ ಉದ್ದೇಶದಿಂದ ಈ ಮಾತನ್ನು ಹೇಳುತ್ತಿಲ್ಲ. ಅಂಥದೊಂದು ಕೆರೆಯನ್ನು ಕಟ್ಟಿದವರಲ್ಲಿ ನಾನೂ ಒಬ್ಬ.

ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ಸ್ಮರಣ ಸಂಚಿಕೆಗಳನ್ನು ಜಾಲತಾಣಕ್ಕೆ ಏರಿಸುವ ಹೊಣೆ ನನ್ನ ಮೇಲೆ ಬಿದ್ದಿತು. ಪುಟಪುಟವನ್ನೂ ಚಿತ್ರ ತೆಗೆಸಿ, ಒಂದೊಂದು ಸಂಚಿಕೆಯನ್ನು ಒಂದೊಂದು ಕಡತವಾಗಿಸಿ, ಇನ್ನು ಇವು ಚಿರಂಜೀವಿಗಳಾದವೆಂದು ಸಮಾಧಾನಪಟ್ಟೆ. ಅನಂತರ ಒಂದು ಸಂಜೆ ದೂರದ ಊರಿನಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿ ಮಾಡಿದರು. ಅವರ ತಂದೆ ನಮ್ಮಲ್ಲಿಯೇ ಉಪಾಧ್ಯಾಯರಾಗಿದ್ದವರು. ಬೋರನಕಣಿವೆಯ ನೀರು ಹಂಚಿಕೆಯ ಬಗೆಗೆ ಹಿಂದಿನ ಸಂಚಿಕೆಯೊಂದರಲ್ಲಿ ಲೇಖನ ಬರೆದಿದ್ದವರು. “ಮೇಷ್ಟ್ರೇ, ಅಪ್ಪ ಬರೆದದ್ದು ಮನೆಯಲ್ಲಿ ಒಂದೂ ಉಳಿದಿಲ್ಲ. ಊರಿನ ಹೆಸರು ಹಾಕಿ ಹುಡುಕಿದೆ, ಅಪ್ಪನ ಹೆಸರು ಹಾಕಿ ಹುಡುಕಿದೆ. ಪ್ರವಾಸಕ್ಕೆ ಬಂದವರ ಚಿತ್ರಗಳು ಸಿಕ್ಕಿದವು, ಅಪ್ಪ ಸಿಗಲಿಲ್ಲ” ಎಂದರು. ಲೇಖನ ನಮ್ಮ ತಾಣದಲ್ಲಿಯೇ ಇತ್ತು. ಇದ್ದೂ ಸಿಗಲಿಲ್ಲ. ಅಂದು ನಾನು ಪಟ್ಟ ಸಂಕೋಚವೇ ಈ ಲೇಖನಕ್ಕೆ ಪ್ರೇರಣೆ.

ಶೋಧಯಂತ್ರವು ಮಾಡುವ ಕೆಲಸವು ಅಧ್ಯಾಪಕ ವರ್ಗಕ್ಕೆ ಅಪರಿಚಿತವಾದುದಲ್ಲ. ಒಳ್ಳೆಯ ಗ್ರಂಥದ ಕೊನೆಯಲ್ಲಿ ಅಕಾರಾದಿಯಾಗಿ ಪದಸೂಚಿ ಇರುತ್ತದಷ್ಟೆ. ಯಂತ್ರವೂ ಕೊಂಡಿಯಿಂದ ಕೊಂಡಿಗೆ ನಡೆದು ಪುಟಗಳನ್ನು ಸಂದರ್ಶಿಸುತ್ತದೆ. ಅಲ್ಲಿ ಕಂಡ ಪದಗಳನ್ನು ತನ್ನ ಬೃಹತ್ ಸೂಚಿಯಲ್ಲಿ ಬರೆದುಕೊಳ್ಳುತ್ತದೆ. ಯಾರಾದರೂ ಕೇಳಿದಾಗ ಯಾವ ಪುಟವನ್ನು ಮುಂದೆ, ಯಾವುದನ್ನು ಹಿಂದೆ ಇಡಬೇಕೆಂದು ತೂಗುತ್ತದೆ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಎಂಬ ಇಬ್ಬರು ಸಂಶೋಧನ ವಿದ್ಯಾರ್ಥಿಗಳು ಗೂಗಲ್ ಸಂಸ್ಥೆಯನ್ನು ಸ್ಥಾಪಿಸಿದಾಗ ಅವರ ವಿಶೇಷವಿದ್ದುದು ಈ ಮೂರನೆಯ ಹಂತದಲ್ಲಿ: ಇತರರು ಎಷ್ಟು ಮಂದಿ, ಎಂಥವರು, ಒಂದು ಪುಟದತ್ತ ಬೆರಳು ಮಾಡಿ ತೋರಿಸಿದ್ದಾರೆಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡರು. ಆದರೆ ಸಂದರ್ಶನವೇ ಆಗದ, ಓದಲೇ ಬಾರದ ಪುಟಕ್ಕೆ ಮೂರನೆಯ ಹಂತದ ಮಾತೆಲ್ಲಿ?

ನನ್ನ ಮೊದಲ ತಪ್ಪು, ಬರಹವನ್ನು ಚಿತ್ರವಾಗಿಸಿದುದು. ಕಣ್ಣುಳ್ಳವರಿಗೆ ಅದು ಲೇಖನ. ಯಂತ್ರಕ್ಕೆ ಅದು ಗೋಡೆಗೆ ತೂಗುಹಾಕಿದ ಭಾವಚಿತ್ರದಂತೆ. ಈಗ ಚಿತ್ರದಿಂದಲೂ ಅಕ್ಷರಗಳನ್ನು ಗುರುತಿಸುವ ಸಾಧನಗಳು ಬಂದಿವೆ, ಟೈಪು ಮಾಡುವ ಶ್ರಮವೇಕೆ ಎಂದು ಕೆಲವರು ಕೇಳಿಯಾರು. ಆ ಸಾಧನಗಳ ನೆರವನ್ನು ಅವಶ್ಯವಾಗಿ ಪಡೆಯೋಣ. ಆದರೆ ಮೊಳೆ ಜೋಡಿಸಿ ಮುದ್ರಿಸಿದ, ಮಸಿ ಹರಡಿದ ಹಳೆಯ ಪುಟಗಳಲ್ಲಿ ಅವು ದ, ಧ, ಥಗಳ ನಡುವಣ ಸೂಕ್ಷ್ಮ ವ್ಯತ್ಯಾಸದಲ್ಲಿ ಎಡವುತ್ತವೆ, ಮಕಾರವನ್ನು ‘ವು’ ಎಂದು ಓದುತ್ತವೆ, ಒತ್ತಕ್ಷರವನ್ನು ನುಂಗುತ್ತವೆ. ಹೆಸರೊಂದರಲ್ಲಿ ಇಂಥ ದೋಷ ಉಳಿದರೆ ಆ ವ್ಯಕ್ತಿ ಮತ್ತೆ ಕಾಣೆಯಾದಂತೆಯೇ. ಯಂತ್ರ ಓದಿದುದನ್ನು ಮನುಷ್ಯ ಮತ್ತೊಮ್ಮೆ ಓದಲೇಬೇಕು.

ಎರಡನೆಯ ತೊಡಕು ಕನ್ನಡಕ್ಕೆ ಬಹುಕಾಲ ಅಂಟಿಕೊಂಡಿದ್ದುದು. ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯ ಪ್ರಥಮ ಆವೃತ್ತಿಯಲ್ಲಿಯೇ, 1991ರಲ್ಲಿ, ಕನ್ನಡ ಲಿಪಿಗೆ 128 ಸ್ಥಾನಗಳ ಪ್ರತ್ಯೇಕ ಪಂಕ್ತಿ ದೊರೆತಿತ್ತು. ಆದರೂ ನಾವು ಬಹುಕಾಲ ಬಳಸಿದ ಅಕ್ಷರವಿನ್ಯಾಸಗಳು ಇಂಗ್ಲಿಷ್ ಮೊದಲಾದ ಲಿಪಿಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂಡಿಸಿದಂಥವು. ಹಳೆಯ ನುಡಿ ಅಕ್ಷರದಲ್ಲಿ ‘ಕನ್ನಡ’ ಎಂದು ಬರೆದರೆ ನಮ್ಮ ಕಣ್ಣಿಗೆ ಕನ್ನಡ. ಯಂತ್ರಕ್ಕೆ ಕಾಣುವುದು ಮೊದಲು ಇಂಗ್ಲಿಷಿನ ‘ಪಿ’, ಅನಂತರ ತಲೆಯ ಮೇಲೆ ಗೆರೆ ಹೊತ್ತ ‘ಎ’, ಅದರ ಮುಂದೆ ಬ್ರಿಟನ್ನಿನ ಪೌಂಡಿನ ಚಿಹ್ನೆ! ಹುಡುಕುವವನು ಯೂನಿಕೋಡಿನಲ್ಲಿ ಕೇಳಿದರೆ ಎರಡೂ ಕೂಡುವುದೆಂತು? ನುಡಿಯೂ ಬರಹವೂ ಯೂನಿಕೋಡಿಗೆ ಒಗ್ಗಿ ಬಹುಕಾಲವಾಯಿತು, ಪರಿವರ್ತಕಗಳೂ ಇವೆ. ಹಳೆಯ ಕಡತಗಳು ಮಾತ್ರ ಎಷ್ಟೋ ಕಚೇರಿಗಳಲ್ಲಿ ಇದ್ದಂತೆಯೇ ಇವೆ.

ಬರಹ ಓದಲು ಬರುವಂತಾದರೂ ಅದಕ್ಕೊಂದು ವಿಳಾಸ ಬೇಕು. ಈ ವಿಷಯದಲ್ಲಿ ನಮಗೆ ಮಾದರಿ ಹತ್ತಿರದಲ್ಲಿಯೇ ಇದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ತುಮಕೂರು ಜಿಲ್ಲೆಯ ಸಂಪುಟ, ಅಂದರೆ 12ನೆಯದು, 1904ರಲ್ಲಿ ಪ್ರಕಟವಾಯಿತು. ಅದರಲ್ಲಿ ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರು, ಒಂದು ಸಂಖ್ಯೆ, ಕಲ್ಲು ನಿಂತಿರುವ ಸ್ಥಳ. ‘ತಿಪಟೂರು’ ಎಂದು ಬರೆದು ಮುಂದೆ ಅಂಕಿಯೊಂದನ್ನು ಹಾಕಿದರೆ ಶತಮಾನ ಕಳೆದ ಮೇಲೂ ಸಂಶೋಧಕನು ನೆಟ್ಟಗೆ ಅದೇ ಶಾಸನಕ್ಕೆ ಬಂದು ಮುಟ್ಟುತ್ತಾನೆ. ಎಲ್ಲ ಶಾಸನಗಳನ್ನೂ ಒಂದೇ ಮೂಟೆಯಲ್ಲಿ ಕಟ್ಟಿಟ್ಟಿದ್ದರೆ ಯಾರು ಬಿಚ್ಚಿ ನೋಡುತ್ತಿದ್ದರು? ನಾನು ಮಾಡಿದ್ದು ಅಂಥ ಮೂಟೆಯನ್ನೇ. ಒಂದೊಂದು ಲೇಖನಕ್ಕೂ ಒಂದೊಂದು ಪುಟ ಇರಬೇಕು. ‘ಪುಟ 3’ ಎನ್ನದೆ ವಿಷಯವನ್ನೂ ಲೇಖಕನನ್ನೂ ಹೇಳುವ ಶೀರ್ಷಿಕೆ ಇರಬೇಕು. ಮುಖಪುಟದಿಂದ ಅಲ್ಲಿಗೆ ಕೊಂಡಿ ಇರಬೇಕು. ಅದು ‘ಇಲ್ಲಿ ಒತ್ತಿರಿ’ ಎಂದಲ್ಲ, ಲೇಖನದ ಹೆಸರನ್ನೇ ಹೇಳಬೇಕು. ಛಾಯಾಚಿತ್ರಕ್ಕೆ ಅಕ್ಷರರೂಪದ ವಿವರಣೆ ಜೊತೆಗೂಡಬೇಕು. ಅದು ಯಂತ್ರಕ್ಕಷ್ಟೇ ಅಲ್ಲ, ಕೇಳಿ ಓದುವ ಅಂಧ ವಾಚಕರಿಗೂ ಆಸರೆ. ಎಲ್ಲ ಪುಟಗಳ ಪಟ್ಟಿಯನ್ನು ಯಂತ್ರಕ್ಕೆ ಒಪ್ಪಿಸುವ ತಾಣನಕ್ಷೆಯ ಪದ್ಧತಿಯನ್ನು ಗೂಗಲ್ 2005ರಲ್ಲಿ ಆರಂಭಿಸಿತು. ಮರುವರ್ಷ ಯಾಹೂ, ಮೈಕ್ರೋಸಾಫ್ಟ್‌ಗಳೂ ಒಪ್ಪಿಕೊಂಡವು. ಇನ್ನು ತಾಣಕ್ಕೆ ಹೊಸ ರೂಪ ಕೊಟ್ಟಾಗ ಹಳೆಯ ವಿಳಾಸಗಳನ್ನು ಅಳಿಸಿಬಿಡುವುದು ದೊಡ್ಡ ಪ್ರಮಾದ. ಮನೆ ಬದಲಿಸಿದವನು ಅಂಚೆಯವನಿಗೆ ಹೊಸ ವಿಳಾಸ ಹೇಳಿಹೋಗುವಂತೆ ಹಳೆಯದರಿಂದ ಹೊಸದಕ್ಕೆ ದಾರಿ ಬಿಡಬೇಕು.

ಹೆಸರುಗಳ ವಿಷಯ ಇನ್ನೂ ಸ್ವಾರಸ್ಯವಾದುದು. ನಮ್ಮ ತಾಲ್ಲೂಕಿನ ತೀರ್ಥಪುರದವರಾದ ತೀ.ನಂ. ಶ್ರೀಕಂಠಯ್ಯನವರನ್ನೇ ನೋಡೋಣ. ಒಬ್ಬರು ‘ತೀನಂಶ್ರೀ’ ಎಂದು ಹುಡುಕುತ್ತಾರೆ, ಮತ್ತೊಬ್ಬರು ಚುಕ್ಕಿಗಳಿಟ್ಟು ‘ತೀ.ನಂ.ಶ್ರೀ.’ ಎಂದು, ಮಗದೊಬ್ಬರು ಪೂರ್ಣನಾಮದಿಂದ. ‘ತುಮಕೂರು’ ಎಂಬುದು ಇಂಗ್ಲಿಷ್ ಬರವಣಿಗೆಯಲ್ಲಿ 2014ರ ನವೆಂಬರ್ 1ರವರೆಗೆ ‘ತುಮ್‌ಕೂರ್’ ಆಗಿತ್ತು; ಅಂದಿನಿಂದ ಕನ್ನಡದ ಉಚ್ಚಾರಕ್ಕೆ ಹೊಂದಿತು. ಬೋರನಕಣಿವೆಯನ್ನು ಕೂಡಿಸಿ ಬರೆಯುವವರುಂಟು, ಬಿಡಿಸಿ ಬರೆಯುವವರುಂಟು. ಅದಲ್ಲದೆ ಕನ್ನಡದ ಪದ ವಿಭಕ್ತಿ ಪ್ರತ್ಯಯ ತೊಟ್ಟೊಡನೆ ರೂಪ ಬದಲಿಸುತ್ತದೆ. ‘ಕಣಿವೆಯಲ್ಲಿ’, ‘ಕಣಿವೆಯಿಂದ’ ಎಂಬವು ಒಂದೇ ಪದದವೆಂದು ಯಂತ್ರವು ಪ್ರತಿ ಸಲವೂ ಗ್ರಹಿಸುವುದೆಂಬ ಭರವಸೆಯಿಲ್ಲ. ಆದುದರಿಂದ ಶೀರ್ಷಿಕೆಯಲ್ಲಿ ಮೂಲರೂಪವಿರಲಿ, ಪ್ರಚಲಿತವಾದ ಇತರ ರೂಪಗಳನ್ನು ಪುಟದಲ್ಲಿ ಒಮ್ಮೆ ಸಹಜವಾಗಿ ಹೇಳಿರಲಿ. ತೆಂಗಿನ ತೋಟದ ರೈತನು ‘ನುಸಿ’ ಎಂದು ಕೇಳುತ್ತಾನೆಯೇ ಹೊರತು ‘ಇರಿಯೋಫಿಡ್’ ಎಂದಲ್ಲ. ‘ಕಾಂಡ ಸೋರುವ ರೋಗ’ ಎನ್ನುತ್ತಾನೆಯೇ ಹೊರತು ಲ್ಯಾಟಿನ್ ಹೆಸರನ್ನಲ್ಲ. ಓದುಗನ ಮಾತಿನಲ್ಲಿ ಬರೆದವನ ಪುಟವೇ ಅವನಿಗೆ ದೊರಕುತ್ತದೆ.

ಇವೆಲ್ಲ ಸಾಧ್ಯವೇ ಎಂದು ಶಂಕಿಸುವವರಿಗೆ ವಚನ ಸಾಹಿತ್ಯವೇ ಉತ್ತರ. ಫ.ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿಗಳನ್ನು ಅರಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಪ್ರಥಮ ಭಾಗವನ್ನು ಹೊರತಂದರು. 1993ರಲ್ಲಿ ರಾಜ್ಯ ಸರಕಾರವು ‘ಸಮಗ್ರ ವಚನ ಸಂಪುಟ’ವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. 2010ರ ದಶಕದಲ್ಲಿ ಕೆಲವು ಉತ್ಸಾಹಿಗಳು ‘ವಚನ ಸಂಚಯ’ ಎಂಬ ತಾಣದಲ್ಲಿ ಇನ್ನೂರಕ್ಕೂ ಮಿಕ್ಕ ವಚನಕಾರರ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಯೂನಿಕೋಡಿನಲ್ಲಿ ಅಳವಡಿಸಿದರು. ಇಂದು ಒಂದು ಪದವನ್ನು ಕೊಟ್ಟರೆ ಅದಿರುವ ವಚನಗಳು ವಚನಕಾರರ ಹೆಸರಿನೊಡನೆ ಎದುರಿಗೆ ಬರುತ್ತವೆ. ಹಳಕಟ್ಟಿಯವರು ಊರೂರು ಅಲೆದು ಮಾಡಿದ ಕೆಲಸದ ಮುಂದುವರಿಕೆ ಇದು. ಅವರು ಅಟ್ಟದಿಂದ ಅಚ್ಚಿಗೆ ತಂದುದನ್ನು ಇವರು ಅಚ್ಚಿನಿಂದ ಹುಡುಕುವವನ ಕೈಗೆ ತಂದರು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ‘ನಿಮ್ಮ ತಾಣವನ್ನು ಮೊದಲ ಸಾಲಿಗೆ ತರುತ್ತೇವೆ’ ಎಂದು ಹಣ ಕೇಳುವವರು ಬಾಗಿಲಿಗೆ ಬರುತ್ತಾರೆ. ಬೇಡದ ಪದಗಳನ್ನು ತುರುಕುವುದು, ಕೊಂಡಿಗಳನ್ನು ಕೊಂಡು ತರುವುದು ಇವರಲ್ಲಿ ಹಲವರ ಉಪಾಯ. ಚೀಲದ ಬಾಯಿಗೆ ಬಿಳುಪಾದ ಕೊಬ್ಬರಿ ಇಟ್ಟು ಒಳಗೆ ಕೌಟು ತುಂಬಿದರೆ ತಿಪಟೂರಿನ ಮಾರುಕಟ್ಟೆಯಲ್ಲಿ ಎಷ್ಟು ದಿನ ನಡೆದೀತು? 2011ರಲ್ಲಿ ಸತ್ತ್ವಹೀನ ಪುಟಗಳನ್ನೂ 2012ರಲ್ಲಿ ಇಂಥ ಕೃತಕ ಉಪಾಯಗಳನ್ನೂ ಹಿಂದಕ್ಕೆ ತಳ್ಳುವ ಕ್ರಮಗಳನ್ನು ಗೂಗಲ್ ಜಾರಿಗೆ ತಂದಿತು. ಎರಡನೆಯದಾಗಿ, ಎಲ್ಲವೂ ಎಲ್ಲರಿಗೂ ಸಿಗಬೇಕಾದುದಲ್ಲ. ವಿದ್ಯಾರ್ಥಿಗಳ ಅಂಕಗಳು, ಮನೆಯ ವಿಳಾಸ, ದೂರವಾಣಿ ಸಂಖ್ಯೆ ಇವನ್ನು ಶೋಧಯಂತ್ರದ ಬಾಯಿಗೆ ಕೊಡಲಾಗದು. ದಾನಿಗಳ ಹೆಸರನ್ನು ಅವರ ಒಪ್ಪಿಗೆಯಿಂದಲೇ ಹಾಕಬೇಕು. ತೋಟಕ್ಕೆ ದಾರಿ ಎಷ್ಟು ಮುಖ್ಯವೋ ಬೇಲಿಯೂ ಅಷ್ಟೇ ಮುಖ್ಯ.

ಈಚೆಗೆ ಶೋಧಯಂತ್ರಗಳು ತಾವೇ ಉತ್ತರವನ್ನು ಹೆಣೆದು ಕೊಡತೊಡಗಿವೆ. ಆ ಉತ್ತರಕ್ಕೂ ಆಧಾರ ಅವು ಓದಬಲ್ಲ ಬರಹವೇ. ನಮ್ಮ ನೆಲವನ್ನು ಬಲ್ಲವರ ಬರಹ ಮೂಟೆಯಲ್ಲಿ ಉಳಿದರೆ, ಒಂದು ಮಧ್ಯಾಹ್ನ ಬಂದುಹೋದವರ ಮಾತೇ ನಾಳೆ ನಮ್ಮೂರಿನ ಚರಿತ್ರೆಯೆನಿಸುತ್ತದೆ. ಆದಕಾರಣ ದಾನಿಗಳಲ್ಲಿ ನನ್ನ ವಿನಂತಿ ಇಷ್ಟೆ: ತಿರುಗುವ ಚಿತ್ರಗಳಿಗೂ ಹೊಳೆಯುವ ಮುಖಪುಟಕ್ಕೂ ಕೊಡುವ ಹಣದ ಬಹುಭಾಗವನ್ನು ಅಕ್ಷರ ಕೂಡಿಸುವವರಿಗೆ, ಕರಡು ತಿದ್ದುವವರಿಗೆ ಕೊಡಿರಿ. ಅಧ್ಯಾಪಕ ಬಂಧುಗಳು ಮೇಲ್ತರಗತಿಯ ಮಕ್ಕಳನ್ನು ಈ ಕೆಲಸದಲ್ಲಿ ತೊಡಗಿಸಲಿ. ಅವರ ಕಾಗುಣಿತಕ್ಕೂ ಇದರಿಂದ ಹಿತವಿದೆ. ಹಳೆಯ ವಿದ್ಯಾರ್ಥಿಗಳು ತಮ್ಮ ಪಾಲಿಗೆ ಒಂದೊಂದು ಲೇಖನವನ್ನಾದರೂ ಓದಿ ತಿದ್ದಿಕೊಡಲಿ.

ಆ ಉಪಾಧ್ಯಾಯರ ಲೇಖನವನ್ನು ನಾನೇ ಕುಳಿತು ಟೈಪು ಮಾಡಿದೆ. ತೂಬಿನ ಸರದಿ, ನೀರುಗಂಟಿಯ ಕೆಲಸ, ಕಾಲುವೆಯ ಕೊನೆಯ ಹೊಲದವನ ಕಷ್ಟ, ಎಲ್ಲವನ್ನೂ ಅವರು ಕಂಡಂತೆ ಬರೆದಿದ್ದರು. ಊರಿನ ಹೆಸರನ್ನೂ ಅವರ ಹೆಸರನ್ನೂ ಶೀರ್ಷಿಕೆಯಲ್ಲಿಟ್ಟು ಪ್ರತ್ಯೇಕ ಪುಟವಾಗಿಸಿದೆ. ಮಗನಿಗೆ ಬೇಕೆಂದೇ ತಿಳಿಸಲಿಲ್ಲ. ಕೆಲವು ವಾರಗಳ ತರುವಾಯ ಅವರೇ ದೂರವಾಣಿ ಮಾಡಿದರು. “ಮೇಷ್ಟ್ರೇ, ಅಪ್ಪ ಸಿಕ್ಕಿದರು” ಎಂದರು. ನಮ್ಮ ಸಂಚಿಕೆಗಳಲ್ಲಿ ಹಾಗೆ ಸಿಗಬೇಕಾದವರು ಇನ್ನೂ ಬಹಳ ಮಂದಿ ಇದ್ದಾರೆ.