ಹೊತ್ತು ಮೀರಿದ ಪೂಜೆ

ತಪಸ್ಸುಕಾಲ ಬಂತೆಂದರೆ ನಮ್ಮ ಮನೆಯಲ್ಲಿ ಶುಕ್ರವಾರ ಮಾಂಸವಿಲ್ಲ. ಮೀನಿಗೆ ನಿಷೇಧವಿಲ್ಲವಾದುದರಿಂದ, ಮಂಗಳೂರಿನವರಿಗೆ ಇದೇನು ಮಹಾ ತ್ಯಾಗವೆಂದು ನೆರೆಮನೆಯ ರಾಯರು ನಗುತ್ತಾರೆ. ನಾವೂ ನಗುತ್ತೇವೆ. ಆದರೆ ಕಳೆದ ತಪಸ್ಸುಕಾಲದ ಒಂದು ಭಾನುವಾರ ನೆನಪಾದರೆ ನಗು ಬಾರದು.

ಅಂದು ಗೋಲ್ ಡಾಕ್‌ಖಾನೆಯ ಬಳಿಯ ಸೇಕ್ರೆಡ್ ಹಾರ್ಟ್ ಇಗರ್ಜಿಗೆ ಹೊರಟು ಮೆಟ್ಟಿಲಿಳಿಯುತ್ತಿದ್ದೆವು. ಪರಿಚಿತರೊಬ್ಬರ ಫೋನು ಬಂತು. ಕಟ್ಟಡದ ಕೆಲಸಕ್ಕೆಂದು ಬಂದ ರಾಯಚೂರು ಕಡೆಯ ತಾಯಿಯೊಬ್ಬಳ ಮಗ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾನೆ, ಡಾಕ್ಟರ ಹಿಂದಿ ಅವಳಿಗೆ ತಿಳಿಯದು, ಅವಳ ಕನ್ನಡ ಅವರಿಗೆ ತಿಳಿಯದು, ಬೇಗ ಬರಬೇಕು. “ಪೂಜೆ ಮುಗಿಸಿ ಬರುತ್ತೇವೆ” ಎಂದೆವು. ಪೂಜೆ ಮುಗಿಯಿತು, ಅಂಗಳದಲ್ಲಿ ನಾಲ್ಕು ಮಾತೂ ಆದವು. ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನ.

ಮಗನ ಕಾಲನ್ನೇ ಕತ್ತರಿಸುತ್ತಾರೆಂದು ತಿಳಿದು ಆ ತಾಯಿ ಬೆಳಗಿನಿಂದ ಅಳುತ್ತ ಕುಳಿತಿದ್ದಳು. ಕೈಯಲ್ಲಿದ್ದ ಕಾಗದ ಓದಿದರೆ, ಮೂಳೆ ಕೂಡಿಸಿ ಪ್ಲಾಸ್ಟರು ಹಾಕಲು ಒಪ್ಪಿಗೆ, ಅಷ್ಟೆ! ತಿಳಿಸಿ ಹೇಳಲು ಎರಡು ನಿಮಿಷ ಸಾಕಾಯಿತು. ಆಕೆ ಕಣ್ಣೊರೆಸಿಕೊಂಡು, “ಪೂಜಿ ಚಲೋ ಆತೇನ್ರಿ, ಅಣ್ಣಾ?” ಎಂದಳು. ಅದರಲ್ಲಿ ಕೊಂಕಿರಲಿಲ್ಲ. ನಮಗೆ ಉತ್ತರ ಹೊಳೆಯಲಿಲ್ಲ.

ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನನ್ನು ಕಂಡೂ ಯಾಜಕನೊಬ್ಬ, ಲೇವಿಯನೊಬ್ಬ ಆಚೆ ಬದಿಯಿಂದ ನಡೆದುಹೋದರೆಂದು ಯೇಸುಸ್ವಾಮಿ ಹೇಳಿದ ಕಥೆ ವಾಚಕರಿಗೆ ಗೊತ್ತಿದೆ. ಅವರನ್ನು ಕಟುಕರೆಂದೇ ಬಗೆದಿದ್ದೆವು. ಅವರೂ ನಮ್ಮಂತೆ, ಹೊತ್ತು ಮೀರಬಾರದೆಂದು ಅವಸರದಲ್ಲಿದ್ದವರಿರಬಹುದು! ಬಲಿಗಿಂತ ಕರುಣೆ ದೊಡ್ಡದೆಂಬ ಪ್ರವಾದಿ ಹೋಶೇಯನ ಮಾತನ್ನು ಯೇಸುಸ್ವಾಮಿ ಎರಡು ಸಲ ನೆನಪಿಸಿದುದು ಮತ್ತಾಯನ ಶುಭಸಂದೇಶದಲ್ಲಿದೆ. ರೋಗಿಯ ಆರೈಕೆಯಂಥ ಗಂಭೀರ ಕಾರಣವಿದ್ದರೆ ಭಾನುವಾರದ ಪೂಜೆಗೆ ಧರ್ಮಸಭೆಯೇ ವಿನಾಯಿತಿ ಕೊಡುತ್ತದೆ. ಕಚೇರಿಯ ರಜೆಯ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದ ಗುಮಾಸ್ತರಿಗೆ ಈ ಒಂದು ನಿಯಮ ಮರೆತಿತ್ತು!

ಪೂಜೆ ಬೇಡವೆಂದು ನಾವು ಹೇಳುತ್ತಿಲ್ಲ. ನಮ್ಮೂರ ಕಂಕನಾಡಿಯ ಫಾದರ್ ಮುಲ್ಲರರನ್ನೇ ನೋಡಿ. ಜರ್ಮನಿಯಲ್ಲಿ ಹುಟ್ಟಿದ ಈ ಯೇಸುಸಭೆಯ ಪಾದ್ರಿ 1878ರಲ್ಲಿ ಮಂಗಳೂರಿಗೆ ಬಂದರು. 1880ರಲ್ಲಿ ಆಲದ ಮರದ ನೆರಳಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡತೊಡಗಿದರು. 1890ರಲ್ಲಿ, ಊರೇ ದೂರವಿಟ್ಟ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಪೂಜೆಯನ್ನು ಬಿಟ್ಟವರಲ್ಲ ಅವರು. ಪೂಜೆ ಮುಗಿಸಿ ಹೊರಬಂದ ಬಾಗಿಲಲ್ಲೇ ರೋಗಿಯನ್ನು ಕಂಡವರು. ಎರಡೂ ಒಂದೇ ಗಳಿಗೆಯಲ್ಲಿ ಕರೆದರೆ ಯಾವುದು ಮೊದಲು ಎಂಬುದೇ ಪ್ರಶ್ನೆ. ದೇವರು ಕಾಯಬಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ತಾಯಿ ಕಾಯಲಾರಳು.

ಚಿಕಿತ್ಸೆಗೆಂದು ದೆಹಲಿಗೆ ಬರುವ ಕನ್ನಡಿಗರಿಗೆ ಔಷಧದಷ್ಟೇ ಬೇಕಾದುದು ತಮ್ಮ ಮಾತು ಬಲ್ಲ ಒಬ್ಬ ಮನುಷ್ಯ. ಅಂಥ ಕರೆ ಬಂದರೆ ಇನ್ನು “ಆಮೇಲೆ” ಎನ್ನಬಾರದೆಂದು ನಾವೂ ನಮ್ಮಾಕೆಯೂ ನೇಮ ಮಾಡಿಕೊಂಡಿದ್ದೇವೆ. ನಮಗಿಂತ ಚೆನ್ನಾಗಿ ಹಿಂದಿ ಬಲ್ಲ ರಾಯರೂ ಜೊತೆಗೆ ಬರುತ್ತೇನೆಂದಿದ್ದಾರೆ. ಮೀನಿನ ವಿಷಯ ಸದ್ಯಕ್ಕೆ ಎತ್ತಿಲ್ಲ.