ಸಂಕಿರಣಕ್ಕೊಂದು ಪೊಟ್ಟಣ ತನ್ನಿ

ಕನ್ನಡದಲ್ಲಿ ತಾಂತ್ರಿಕ ಬರವಣಿಗೆಯನ್ನು ಪರಿಚಯ ಮಾಡಿಕೊಡಲು ಒಂದು ದಿನದ ವಿಚಾರ ಸಂಕಿರಣ ನಡೆಸಬೇಕೆಂದು ಹೊರಟ ಸಮಿತಿಯಲ್ಲಿ ನಾನೂ ಒಬ್ಬ. ಮೂರು ಸಭೆಗಳಾದವು. ದೀಪ ಬೆಳಗುವವರು ಯಾರು, ಅಧ್ಯಕ್ಷತೆ ಯಾರದು ಎಂಬುದು ನಿಶ್ಚಯವಾಯಿತು. ಉಳಿದ ಹೊತ್ತೆಲ್ಲ ಪಾರಿಭಾಷಿಕ ಪದಗಳಿಗೆ ಮೀಸಲು. ‘ಆಕ್ಸಿಜನ್’ ಎನ್ನಬೇಕೆ, ‘ಆಮ್ಲಜನಕ’ ಎನ್ನಬೇಕೆ? ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದಾಗ ಈ ಚರ್ಚೆಗೆ ಅರ್ಥವಿತ್ತು. ಹೆಸರಿಲ್ಲದ ವಸ್ತುವಿಗೆ ಹೆಸರು ಬೇಕಾಗಿತ್ತು. ನೂರು ವರ್ಷ ಕಳೆದರೂ ನಾವು ನಾಮಕರಣದ ತೊಟ್ಟಿಲನ್ನೇ ತೂಗುತ್ತಿದ್ದೇವೆ!

“ಇದರಲ್ಲಿ ಬರೆಯುವುದಕ್ಕೆ ಹೊತ್ತೆಲ್ಲಿದೆ?” ಎಂದೆ.

“ಬರವಣಿಗೆ ಕಲಿಸಿದರೆ ಬರುವುದಲ್ಲ, ಸ್ವಾಮಿ,” ಎಂದರು ಹಿರಿಯರೊಬ್ಬರು.

ಕವಿತೆಯ ಮಟ್ಟಿಗೆ ಆ ಮಾತು ನಿಜವಿರಬಹುದು. ಆದರೆ ಭೇದಿಯಾದ ಮಗುವಿಗೆ ಕೊಡುವ ಓಆರ್‌ಎಸ್ ಪೊಟ್ಟಣವನ್ನು ನೋಡಿ. 1971ರಲ್ಲಿ ಬಂಗಾಳದ ಬಂಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಸೋಡ, ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಾವು ನೂರಕ್ಕೆ 4ಕ್ಕಿಂತ ಕೆಳಗಿಳಿಯಿತು. ಪುಡಿ ಅಗ್ಗ, ಜೀವ ಉಳಿಯುವುದು ಅಳತೆಯಲ್ಲಿ. ದೊಡ್ಡ ಪೊಟ್ಟಣಕ್ಕೆ ನೀರು 1 ಲೀಟರ್. 200 ಮಿಲಿಲೀಟರಿನ ಸಣ್ಣ ಪೊಟ್ಟಣವೂ ಅಂಗಡಿಯಲ್ಲಿ ಸಿಗುತ್ತದೆ. ಗಾಬರಿಯಾದ ತಾಯಿ ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಐದರಷ್ಟಾಯಿತು; ಮಗುವಿನ ರಕ್ತದಲ್ಲಿ ಸೋಡಿಯಂ ಏರಿ ಪ್ರಾಣಕ್ಕೇ ಸಂಚಕಾರ.

“ಸೂಕ್ತ ಪ್ರಮಾಣದ ಶುದ್ಧ ಜಲದಲ್ಲಿ ವಿಲೀನಗೊಳಿಸತಕ್ಕದ್ದು” ಎಂದು ಬರೆದರೆ ನಮ್ಮ ಸಮಿತಿ ಮೆಚ್ಚೀತು. ಆ ತಾಯಿ ಏನು ಮಾಡಬೇಕು? ‘ಒಂದು ಲೀಟರ್’ ಎಂದರೂ ಸಾಲದು. ಅಳತೆಯ ಪಾತ್ರೆ ಎಷ್ಟು ಮನೆಗಳಲ್ಲಿದೆ? “ಪುಡಿಯನ್ನೆಲ್ಲ ಒಂದೇ ಸಲಕ್ಕೆ ಹಾಕಿ. ಅಂಗಡಿಯಲ್ಲಿ ಸಿಗುವ ಒಂದು ಲೀಟರ್ ಬಾಟಲಿಯಿಂದ ನೀರು ಅಳೆಯಿರಿ. 24 ಗಂಟೆಯಾದ ಮೇಲೆ ಉಳಿದುದನ್ನು ಚೆಲ್ಲಿ.” ಇದರಲ್ಲಿ ಪಾರಿಭಾಷಿಕ ಪದ ಒಂದೂ ಇಲ್ಲ. ಆದರೂ ಇದನ್ನು ತಪ್ಪಿಲ್ಲದೆ ಬರೆಯಬಲ್ಲವರು ನಮ್ಮ ಪಟ್ಟಿಯ ಭಾಷಣಕಾರರಲ್ಲಿ ಎಷ್ಟು ಮಂದಿ? ನನ್ನನ್ನೂ ಸೇರಿಸಿಯೇ ಕೇಳುತ್ತಿದ್ದೇನೆ.

ಆದ್ದರಿಂದ ನನ್ನ ಸೂಚನೆ ಇಷ್ಟೆ. ಬೆಳಿಗ್ಗೆ ಬಂದವರೆಲ್ಲರೂ ಹತ್ತು ಸಾಲು ಬರೆಯಲಿ. ಊಟವಾದ ಮೇಲೆ ಅದನ್ನು ಓದಬಲ್ಲ ಯಾರ ಕೈಗಾದರೂ, ಅಡಿಗೆಯವರಿಗೋ ಪ್ರಾಧ್ಯಾಪಕರಿಗೋ, ಪೊಟ್ಟಣದೊಡನೆ ಕೊಟ್ಟು, ನಾವು ಬಾಯಿ ಮುಚ್ಚಿ ಕುಳಿತು ನೋಡೋಣ. ಅವರು ತಡವರಿಸಿದಲ್ಲಿ ತಪ್ಪು ಬರೆದವನದು.

ಸಮಿತಿ ಇದಕ್ಕೆ ಹದಿನೈದು ನಿಮಿಷ ಕೊಟ್ಟಿದೆ, ವಂದನಾರ್ಪಣೆಗೆ ಮುಂಚೆ. ನಾನು ಒಪ್ಪಿಲ್ಲ. ಮುಂದಿನ ಸಭೆಗೆ ಎರಡು ಬಗೆಯ ಪೊಟ್ಟಣಗಳನ್ನೂ ಒಂದು ಲೋಟವನ್ನೂ ತೆಗೆದುಕೊಂಡು ಹೋಗುತ್ತೇನೆ.